ತೊಟ್ಟಿಲಿಗೆ ಮೊದಲು ಗುಂಡಣ್ಣ

ತಲ್ಲೂರಿನ ಗುಲಾಬಿಯಮ್ಮನ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಒಬ್ಬ ಅಣ್ಣ ಇದ್ದ. ಅವನು ಉಣ್ಣುತ್ತಿರಲಿಲ್ಲ, ಅಳುತ್ತಿರಲಿಲ್ಲ, ಶಾಲೆಗೂ ಹೋಗುತ್ತಿರಲಿಲ್ಲ. ಅಟ್ಟದ ಮೇಲೆ ಹಳೆ ಹಂಡೆಯೊಳಗೆ ಗೋಣಿ ಹೊದ್ದು ಮಲಗಿರುತ್ತಿದ್ದ. ಮನೆಯಲ್ಲಿ ತೊಟ್ಟಿಲು ಕಟ್ಟುವ ದಿನ ಬಂದರೆ, ಇಲ್ಲವೇ ಮಕ್ಕಳು ಆಡಲು ಹೊತ್ತು ತಂದರೆ ಮಾತ್ರ ಕೆಳಗಿಳಿಯುತ್ತಿದ್ದ. ಹೆಸರು ಗುಂಡಣ್ಣ. ಜಾತಿಯಲ್ಲಿ ಕಲ್ಲು.

ಮಗುವನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವ ಮುನ್ನ ಅರೆಯುವ ಕಲ್ಲಿನ ಗುಂಡನ್ನು ಮಗುವಿನ ಹಾಗೆ ಸಿಂಗರಿಸಿ ಮಲಗಿಸುವ ಶಾಸ್ತ್ರ ಊರಿಗೆಲ್ಲ ಗೊತ್ತಿದ್ದದ್ದೇ. ಮಗು ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎನ್ನುವುದು ಅದರ ಅರ್ಥ. ಗುಲಾಬಿಯಮ್ಮನ ಅಮ್ಮ ಹೇಳುತ್ತಿದ್ದ ಅರ್ಥವೇ ಬೇರೆ: ಕೆಟ್ಟದ್ದು ಎನ್ನುವುದು ಮೊದಲು ತೊಟ್ಟಿಲಿಗೆ ಇಣುಕುತ್ತದೆ, ಕಲ್ಲು ಕಚ್ಚಿ ಹಲ್ಲು ಮುರಿದುಕೊಂಡು ಹೋಗುತ್ತದೆ, ಆಮೇಲೆ ಮಗುವಿಗೆ ಭಯವಿಲ್ಲ. ಬೇರೆ ಮನೆಗಳಲ್ಲಿ ಶಾಸ್ತ್ರ ಮುಗಿದದ್ದೇ ಗುಂಡು ಪುನಃ ಮಸಾಲೆ ಅರೆಯಲು ಹೋಗುತ್ತದೆ. ಈ ಮನೆಯ ಗುಂಡಣ್ಣ ಮಾತ್ರ ಮಸಾಲೆ ಕಂಡವನಲ್ಲ. ಅವನು ಗುಜರಾತಿನಿಂದ ಬಂದವನು.

ಗುಲಾಬಿಯಮ್ಮನ ಸೋದರಮಾವ ಮಂಜಯ್ಯ ಒಂದು ಕಾಲದಲ್ಲಿ ಗುಜರಾತಿನ ಹೆದ್ದಾರಿ ಬದಿಯಲ್ಲಿ ಹೋಟ್ಲು ಇಟ್ಟಿದ್ದರು. ಅಲ್ಲಿ ಇಡ್ಲಿ ಬೇಯಿಸುವ ಪಾತ್ರೆಯ ಮುಚ್ಚಳ ಸಡಿಲವಾಗಿ ಹಬೆಯೆಲ್ಲ ಹೊರಗೆ ಹೋಗುತ್ತಿತ್ತು. ಹಾಲು ತರುವವನೊಬ್ಬ ತನ್ನ ಹೊಲದಲ್ಲಿ ಸಿಕ್ಕಿದ ಉರುಟು ಕಲ್ಲೊಂದನ್ನು ತಂದುಕೊಟ್ಟ. ಸುಲಿದ ತೆಂಗಿನಕಾಯಿಗಿಂತ ಒಂದು ಸುತ್ತು ದೊಡ್ಡದು, ಚೆಂಡಿನಂತೆ ಉರುಟು. ಮಂಜಯ್ಯ ಅದನ್ನು ಮುಚ್ಚಳದ ಮೇಲೆ ಹೇರಿದರು. ಹೋಟ್ಲು ಮುಚ್ಚುವವರೆಗೂ ಅದು ಅಲ್ಲೇ ಕೂತು ಹಬೆ ಕುಡಿಯಿತು. ಊರಿಗೆ ಬರುವಾಗ ಬಿಟ್ಟು ಬರಲು ಮನಸ್ಸಾಗದೆ ಟ್ರಂಕಿನಲ್ಲಿ ಹಾಕಿಕೊಂಡು ಬಂದರು. ಟ್ರಂಕು ಹೊತ್ತ ಕೂಲಿಯವನು, ಮಂಜಯ್ಯ ಚಿನ್ನ ತಂದಿದ್ದಾರೆಂದು ಊರಿಡೀ ಡಂಗುರ ಹೊಡೆದನಂತೆ. ತೆರೆದು ನೋಡಿದರೆ ಕಲ್ಲು. ಆ ವರ್ಷವೇ ಗುಲಾಬಿ ಹುಟ್ಟಿದ್ದು. ಮಗುವಿನ ತಲೆಯಷ್ಟೇ ನುಣುಪಾದ ಆ ಕಲ್ಲನ್ನು ಕಂಡು ಹೆಂಗಸರು, ಅರೆಯುವ ಗುಂಡು ಯಾಕೆ, ಇದೇ ಇರಲಿ ಎಂದರು. ಅಂದಿನಿಂದ ಅವನು ಮನೆಯ ಹಿರಿಮಗ.

ಶಾಸ್ತ್ರದಲ್ಲಿ ಈ ಮನೆಯ ಪದ್ಧತಿ ಹೀಗೆ: ಬಟ್ಟೆ ಸುತ್ತಿದ ಗುಂಡಣ್ಣನನ್ನು ತೊಟ್ಟಿಲಿನ ಅಡಿಯಿಂದ ಒಬ್ಬರು ಕೊಡಬೇಕು, ಮೇಲಿಂದ ಇನ್ನೊಬ್ಬರು ತೆಗೆದುಕೊಳ್ಳಬೇಕು. ಕೊನೆಗೆ ಬಾಣಂತಿಯೇ ಅವನನ್ನು ಮಲಗಿಸಿ, ಕಿವಿ ಇರಬೇಕಾದ ಜಾಗಕ್ಕೆ ಬಾಯಿಟ್ಟು 'ಗುಂಡಣ್ಣ' ಎಂದು ಕರೆದು ತೂಗಬೇಕು. ಆಮೇಲೆ ಅಜ್ಜಿ ಮಗುವನ್ನು ಪಕ್ಕದಲ್ಲಿಟ್ಟು, 'ಗುಂಡಣ್ಣನ ಹಾಂಗೆ ಇರ್' ಎಂದು ಹರಸಬೇಕು.

ಈ ಸಲ ಬಾಣಂತಿ ಗುಲಾಬಿಯಮ್ಮನ ಮಗಳು ಅಮಿತಾ. ಮಗು ಹೆಣ್ಣು, ಪ್ರೇಕ್ಷಾ ಎಂದು ಹೆಸರಿಡುವುದೆಂದು ನಿಶ್ಚಯವಾಗಿತ್ತು. ಮೇಲ್ನೋಟಕ್ಕೆ ಮನೆಯಲ್ಲಿ ಸಂಭ್ರಮವೇ. ಆದರೆ ಹೋದ ವರ್ಷ ಅಮಿತಾಳಿಗೆ ಏಳನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಹೋಗಿತ್ತು. ಅದೂ ಹೆಣ್ಣೇ. ಮಗು ಒದೆಯುತ್ತಿದ್ದ ದಿನಗಳಲ್ಲಿ ಅಮಿತಾ ಜಗಲಿಯಲ್ಲಿ ಕಾಲು ಚಾಚಿ ಕೂತು, ಹೆಣ್ಣಾದರೆ ಧನ್ಯಶ್ರೀ ಎಂದು ಎಲ್ಲರಿಗೂ ಹೇಳಿ ನಗುತ್ತಿದ್ದಳು. ತೊಟ್ಟಿಲು ಕಾಣದ ಮಗುವಿಗೆ ಹೆಸರಿಲ್ಲ ಎನ್ನುವುದು ಹಿರಿಯರ ಮಾತು. ಹಿತ್ತಲ ಮೂಲೆಯ ತೆಂಗಿನ ಮರದ ಬುಡದಲ್ಲಿ ಮಣ್ಣು ಮಾಡಿ ಬಂದ ಸಂಜೆ ಗುಲಾಬಿಯಮ್ಮನೇ ಮಗಳಿಗೆ, ಇನ್ನು ಆ ಹೆಸರು ಎತ್ತಬೇಡ ಎಂದಿದ್ದರು. ಅಮಿತಾ ಎತ್ತಲಿಲ್ಲ. ಮನೆಯಲ್ಲಿ ಬೇರೆ ಯಾರೂ ಎತ್ತಲಿಲ್ಲ.

ಶಾಸ್ತ್ರದ ಮುನ್ನಾದಿನ ಮಧ್ಯಾಹ್ನ ಗುಲಾಬಿಯಮ್ಮ ಗುಂಡಣ್ಣನನ್ನು ಅಟ್ಟದಿಂದ ಇಳಿಸಿ ಬಾವಿಕಟ್ಟೆಯ ಹತ್ತಿರ ಮೀಯಿಸಲು ಕೂತರು. ಜೊತೆಗೆ ಕೈಯಾಸರೆಗೆ ಬಂದವಳು ಅವರ ತಮ್ಮನ ಮಗಳು ಮೋಕ್ಷಿತಾ, ಮಂಗಳೂರಿನಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಓದುವವಳು. ಕಲ್ಲು ಓದುವುದಕ್ಕೆ ಯಾರಾದರೂ ಫೀಸು ಕಟ್ಟುತ್ತಾರಾ ಎಂದು ಗುಲಾಬಿಯಮ್ಮ ಅವಳನ್ನು ಯಾವಾಗಲೂ ಛೇಡಿಸುತ್ತಿದ್ದರು. ತಲೆಮಾರುಗಳ ತೆಂಗಿನೆಣ್ಣೆ ಕುಡಿದು ಗುಂಡಣ್ಣನ ನೆತ್ತಿ ಕನ್ನಡಿಯಂತಾಗಿತ್ತು. ಬುಡದ ಕಡೆ ಮಾತ್ರ ಎಣ್ಣೆಜಿಡ್ಡು ಕಪ್ಪಗೆ ಮೆತ್ತಿಕೊಂಡಿತ್ತು. ಮೋಕ್ಷಿತಾ ಸೀಗೆಪುಡಿ ಹಾಕಿ ಅದನ್ನು ಬೆರಳಲ್ಲಿ ತಿಕ್ಕುತ್ತಿದ್ದವಳು ಹಠಾತ್ತನೆ ಕೈ ನಿಲ್ಲಿಸಿದಳು.

"ಅತ್ತೆ, ಈ ಕಲ್ಲ್ ಎಲ್ಲಿಂದ ಬಂದದ್ದ್?"

"ಮಂಜಯ್ಯಜ್ಜ ಗುಜರಾತಿಂದ ತಂದದ್ದಲ್ದಾ? ಎಂತಕೆ, ವಾಪಾಸ್ ಕೊಡ್ಕಾ?"

ಮೋಕ್ಷಿತಾ ನಗಲಿಲ್ಲ. ಒಳಗೆ ಓಡಿ ಹೋಗಿ ಚೀಲದಿಂದ ಸಣ್ಣ ಭೂತಗನ್ನಡಿ ತಂದಳು. ಬುಡವನ್ನು ಬಿಸಿಲಿಗೆ ತಿರುಗಿಸಿ, ಕಣ್ಣಿಗೆ ಕನ್ನಡಿ ಹಿಡಿದು, ಮೂಗು ಕಲ್ಲಿಗೆ ತಾಗುವಷ್ಟು ಬಗ್ಗಿದಳು. ಗುಲಾಬಿಯಮ್ಮ ಸೋಪು ತೆಗೆದುಕೊಂಡದ್ದೇ, "ಸೋಪ್ ಬ್ಯಾಡ ಅತ್ತೆ!" ಎಂದು ಕಿರುಚಿದಳು. ಬಾವಿಕಟ್ಟೆಯ ಮೇಲಿದ್ದ ಕಾಗೆ ಹಾರಿಹೋಯಿತು.

"ಇದ್ ಕಲ್ಲಲ್ಲ. ಮೊಟ್ಟಿ."

"ಯಾವ ಕೋಳಿದ್ದ್ ಮಾರಾಯ್ತಿ?"

"ಡೈನೋಸಾರಿದ್ದ್."

ಟೀವಿಯಲ್ಲಿ ಬಾಯಿ ತೆರೆದು ಓಡಿಬರುವ ಪ್ರಾಣಿಯನ್ನು ಗುಲಾಬಿಯಮ್ಮ ಕಂಡಿದ್ದರು. ಹುಡುಗಿಗೆ ಬಿಸಿಲು ತಲೆಗೇರಿದೆ ಎಂದುಕೊಂಡರು. ಆದರೆ ಮೋಕ್ಷಿತಾ ಅವರ ತೋರುಬೆರಳು ಹಿಡಿದು ಬುಡದ ಮೇಲೆ ಮೆಲ್ಲಗೆ ಓಡಿಸಿದಳು. ಸಾಸಿವೆಗಿಂತ ಸಣ್ಣ ಗುಳ್ಳೆಗಳು, ಒತ್ತೊತ್ತಾಗಿ, ಒಂದರ ಪಕ್ಕ ಒಂದು. ಹುಟ್ಟಿದಂದಿನಿಂದ ಈ ಕಲ್ಲು ಎತ್ತಿ ಆಡಿದ ಕೈಗೆ ಅದು ಇಷ್ಟು ದಿನ ತಾಗಿರಲೇ ಇಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಗುಳ್ಳೆಗಳ ನಡುವೆ ಸೂಜಿಮೊನೆಯಂಥ ತೂತುಗಳೂ ಕಂಡವು.

"ಇದ್ ಮರಿ ಉಸ್ರಾಡೂಕೆ ಇಪ್ಪ ತೂತ್ ಅತ್ತೆ. ಇಷ್ಟ್ ತೂತ್ ಇತ್ತ್ ಅಂದ್ರೆ ಮೊಟ್ಟಿನ ಮಣ್ಣಾಗೆ ಹುಗ್ದ್ ಇಟ್ಟಿದ್ದ್ ಅಂತ ಲೆಕ್ಕ. ಕೋಡಿ ಕಡಲ ಬದಿಯಾಗೆ ಆಮೆ ಇಡುದಿಲ್ಯಾ, ಹಾಂಗೆ."

ಹತ್ತಿರದ ಕೋಡಿ ಊರಿನ ಕಡಲತೀರದಲ್ಲಿ ಆಮೆ ಮೊಟ್ಟೆ ಇಟ್ಟ ಜಾಗಕ್ಕೆ ಮೀನುಗಾರರು ಬಲೆ ಕಟ್ಟಿ ಕಾಯುವುದನ್ನು ಗುಲಾಬಿಯಮ್ಮ ನೋಡಿದ್ದರು. ಅಮ್ಮ ಆಮೆ ಹೊಂಡ ತೋಡಿ, ಮೊಟ್ಟೆಯಿಟ್ಟು, ಮರಳು ಮುಚ್ಚಿ ಕಡಲಿಗೆ ಹೋಗಿಬಿಡುತ್ತದೆ, ಹಿಂದಿರುಗಿ ನೋಡುವುದಿಲ್ಲ. ಇದರ ಅಮ್ಮನೂ ಹಾಗೆಯೇ ಎಂದಳು ಮೋಕ್ಷಿತಾ. ಕಚ್ಚುವ ಜಾತಿಯದಲ್ಲ, ಸೊಪ್ಪು ತಿನ್ನುವ ಉದ್ದ ಕುತ್ತಿಗೆಯದು. ಇಲ್ಲಿ ನಿಂತರೆ ಬಾಲ ಬಾವಿಕಟ್ಟೆಯಲ್ಲಿ, ತಲೆ ಜಗಲಿಯಲ್ಲಿ. ಅಂಥ ನೂರಾರು ತಾಯಂದಿರು ಒಂದೇ ಬಯಲಿಗೆ ಬಂದು ಹೊಂಡ ತೋಡುತ್ತಿದ್ದವಂತೆ. ಹೊಂಡಗಳು ಎಷ್ಟು ಹತ್ತಿರ ಹತ್ತಿರ ಸಿಕ್ಕಿವೆಯೆಂದರೆ ನಡುವೆ ಅಷ್ಟು ದೊಡ್ಡ ಪ್ರಾಣಿ ಕಾಲಿಡಲು ಜಾಗವಿಲ್ಲ. ಹಾಗಾಗಿ ಇಟ್ಟು ಹೋದವು ಕಾವು ಕೊಡಲು ವಾಪಸು ಬರಲಿಲ್ಲವೆಂದು ತಿಳಿದವರು ಊಹಿಸುತ್ತಾರೆ. ಆರೂವರೆ ಕೋಟಿ ವರ್ಷಕ್ಕೂ ಹಿಂದಿನ ಮಾತು.

"ಅಷ್ಟ್ ವರ್ಷ ಮೊಟ್ಟಿ ಕೊಳೀದೆ ಹ್ಯಾಂಗ್ ಉಳಿತ್?"

"ಹೊಳಿ ನೆರಿ ಬಂದ್ ಒಂದೇ ಸಲ ಮೇಲಿಂದ ಕೆಸ್ರ್ ಮುಚ್ಚಿತ್ತ್. ಗಾಳಿ ಇಲ್ಲ. ಮತ್ತೆ ಮಣ್ಣಿನ್ ನೀರಾಗೆ ಕರಗಿದ್ ಸುಣ್ಣ ಈ ತೂತಿಂದ ನಿಧಾನ ಒಳಗ್ ಹೋಯ್ತ್. ಒಳಗಿಪ್ದ್ ಹೋಯಿ ಆ ಜಾಗ್ದಾಗೆ ಕಲ್ಲ್ ಕೂತ್ತ್. ಮಿಡಿ ಉಪ್ಪಿಗೆ ಹಾಕ್ದಂಗೆ ಅತ್ತೆ."

ಮಿಡಿಯ ಮಾತು ಬಂದದ್ದೇ ಗುಲಾಬಿಯಮ್ಮನಿಗೆ ತಲೆಗೆ ಹೋಯಿತು. ಭರಣಿಯಲ್ಲಿ ಮಿಡಿಯ ನೀರು ಬಿಡುತ್ತದೆ, ಉಪ್ಪು ಒಳಗೆ ಹೋಗುತ್ತದೆ, ಮಾವಿನ ರೂಪ ಮಾತ್ರ ಹಾಗೆಯೇ ಉಳಿಯುತ್ತದೆ. ಆ ಭರಣಿಗೆ ಮುಚ್ಚಳವೂ ಬಿತ್ತು ಎಂದಳು ಮೋಕ್ಷಿತಾ. ಭೂಮಿ ಬಿರಿದು ಕಾದ ಕಲ್ಲಿನ ರಸ ಹೊಳೆಯಾಗಿ ಹರಿದು, ಮೊಟ್ಟೆಗಳಿದ್ದ ಬಯಲಿನ ಮೇಲೆಲ್ಲ ತಣಿದು ಕೂತಿತು. ಬೈಂದೂರಿನಲ್ಲಿ ರೈಲು ಹತ್ತಿ ಮುಂಬಯಿಗೆ ಹೋಗುವಾಗ ರತ್ನಾಗಿರಿಯ ಆಚೀಚೆ ಕಾಣುವ ಕಪ್ಪು ಬಂಡೆಯೆಲ್ಲ ಅದೇ ರಸ. ಅಷ್ಟು ಬೆಂಕಿಯ ಅಡಿಯಲ್ಲಿ ಇದು ಒಡೆಯದೆ ಮಲಗಿತ್ತು. ಮಳೆ ಆ ಬಂಡೆಯನ್ನು ಸವೆಸಿ ಸವೆಸಿ, ಯಾವುದೋ ರೈತನ ನೇಗಿಲ ಬಾಯಿಗೆ ಇದನ್ನು ತಂದಿಟ್ಟಿತು.

ಗುಲಾಬಿಯಮ್ಮ ಒದ್ದೆ ಕೈಯನ್ನು ಕಲ್ಲಿನ ಮೇಲಿಟ್ಟರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಅಟ್ಟದ ಕಲ್ಲು ಕಲ್ಲೇ ಅಲ್ಲವಲ್ಲ! ಮನುಷ್ಯರೇ ಇಲ್ಲದ ಕಾಲ, ಕನ್ನಡ ಇಲ್ಲ, ದೇವರಿಗೂ ಯಾರೂ ಹೆಸರಿಟ್ಟಿರದ ಕಾಲ. ಆಗ ಒಂದು ತಾಯಿ ನೆಲ ತೋಡಿ ಇಟ್ಟದ್ದನ್ನು ನಾನು ಲಂಗ ಹಾಕುವ ವಯಸ್ಸಿನಲ್ಲಿ ಸೊಂಟದ ಮೇಲೆ ಹೊತ್ತು ಆಡಿದ್ದೇನೆ. ಅವರಿಗೆ ಮೈ ಜುಮ್ಮೆಂದಿತು. ತಡೆಯಲಾರದೆ ನಗುವೂ ಬಂತು.

"ಅಯ್ಯೋ ದೇವ್ರೆ, ಅಷ್ಟ್ ವರ್ಷ ಇಡ್ಲಿ ಹಬೆ ಮೇಲ್ ಕೂತ್ರೂ ಮರಿ ಆಯ್ಲಿಲ್ಲ ಕಾಣ್!"

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ನಗುತ್ತ ನಗುತ್ತ ಗುಲಾಬಿಯಮ್ಮನ ಮುಖ ಸಣ್ಣದಾಯಿತು.

"ಹಾಂಗಾರೆ ಮರಿ ಎಂತ ಆಯ್ತ್, ಹೆಣೆ?"

"ಹೊರಗ್ ಬರ್ಲಿಲ್ಲ ಅತ್ತೆ. ಬಂದಿದ್ರೆ ಮೊಟ್ಟಿ ಒಡೆದಿರ್ತಿತ್ತ್. ಇದ್ ಇಡೀ ಇತ್ತಲೆ."

ಗುಲಾಬಿಯಮ್ಮ ಕಲ್ಲಿನ ಮೇಲಿಂದ ಕೈ ತೆಗೆದರು. ಹೊಟ್ಟೆಯೊಳಗೇ ಹೋದ ಮಗು! ಅದನ್ನು ಇಷ್ಟು ವರ್ಷ ಮೀಯಿಸಿ, ಕಾಡಿಗೆ ಬೊಟ್ಟಿಟ್ಟು, ಮನೆಯ ಎಳೆ ಶಿಶುಗಳ ಮಗ್ಗುಲಲ್ಲಿ ಮಲಗಿಸಿ, ಇದರ ಹಾಗೆ ಇರು ಎಂದು ಬಾಯಾರೆ ಹರಸಿದ್ದೇವಲ್ಲ! ಅಮಿತಾಳೂ ಇದರ ಪಕ್ಕ ಮಲಗಿದವಳೇ. ಅದಕ್ಕೇ ಏನಾದರೂ ಹೋದ ವರ್ಷ... ಆ ಯೋಚನೆಯನ್ನು ಗುಲಾಬಿಯಮ್ಮ ಹಲ್ಲು ಕಚ್ಚಿ ಅಲ್ಲಿಗೇ ನಿಲ್ಲಿಸಿದರು. ನಿಲ್ಲಿಸಿದರೆ ನಿಲ್ಲುವ ಯೋಚನೆ ಅದಲ್ಲ. ಮಗಳಿಗೆ ಇದು ತಿಳಿದರೆ? ಈಗಷ್ಟೇ ಮುಖದಲ್ಲಿ ನಗು ಕಾಣಿಸಿಕೊಳ್ಳುತ್ತಿದೆ. ನಾಳೆ ತೊಟ್ಟಿಲ ಮುಂದೆ ಅವಳು ಕುಸಿದುಬಿದ್ದರೆ ಎತ್ತುವವರು ಯಾರು?

"ನಾಳೆ ಕಳಿವರಿಗೆ ಅಮಿತನ ಹತ್ರ ಒಂದ್ ಅಕ್ಷರ ಹೇಳೂಕಾಗ," ಎಂದು ಮೋಕ್ಷಿತಾಳಿಂದ ಭಾಷೆ ತೆಗೆದುಕೊಂಡರು. ಇದನ್ನು ತನ್ನ ಮೇಷ್ಟ್ರಿಗೆ ತೋರಿಸಲೇಬೇಕು ಎಂದು ಅವಳು ಶುರುಮಾಡಿದಾಗ, ನಾಳೆ ಸಂಜೆಯೇ ಹೊತ್ತುಕೊಂಡು ಹೋಗು, ಈ ಮನೆಗೆ ಬೇಡ ಎಂದುಬಿಟ್ಟರು. ಮೈ ಒರೆಸಿದ ಗುಂಡಣ್ಣ ಅಕ್ಕಿ ಡ್ರಮ್ಮಿನಲ್ಲಿ ಹೂತುಹೋದ.

ಆದರೆ ಶಾಸ್ತ್ರಕ್ಕೊಂದು ಗುಂಡು ಬೇಕಲ್ಲ. ಮನೆಯಲ್ಲಿ ಅರೆಯುವುದೆಲ್ಲ ಗ್ರೈಂಡರಿನಲ್ಲಿ. ಅದರ ಗುಂಡು ಕಿತ್ತರೆ ನಾಳೆಯ ಊಟಕ್ಕೆ ಮಸಾಲೆಯಿಲ್ಲ. ಮರುದಿನ ಬೆಳಿಗ್ಗೆ ಮೀನು ಮಾರಲು ಬಂದ ಸೀತುವನ್ನು ಹಿತ್ತಲ ಬಾಗಿಲಿಗೆ ಕರೆದು, ಅವಳ ಮನೆಯ ಅರೆಯುವ ಗುಂಡು ಕೇಳಿದರು.

"ಹ್ವಾಯ್, ನಿಮ್ಮನಿ ಗುಂಡಣ್ಣ ಎಂತ ಆಯ್ತ್ ಅಮ್ಮ?" ಎಂದಳು ಸೀತು.

"ಅದ್ಕೆ ಹುಷಾರಿಲ್ಲ," ಎಂದುಬಿಟ್ಟರು ಗುಲಾಬಿಯಮ್ಮ. ಕಲ್ಲಿಗೂ ಹುಷಾರು ತಪ್ಪುತ್ತದೆಂದು ಸೀತುವಿಗೆ ಅಂದೇ ಗೊತ್ತಾದದ್ದು. ಅವಳು ಹೆಚ್ಚು ಕೇಳದೆ ಗುಂಡು ತಂದುಕೊಟ್ಟಳು. ಎಷ್ಟು ತೊಳೆದರೂ ಅದರ ಮೀನುಸಾರಿನ ಘಮ ಹೋಗಲಿಲ್ಲ. ಗುಲಾಬಿಯಮ್ಮ ಹಳೆ ಸೀರೆಯನ್ನು ಎರಡು ಸುತ್ತು ಹೆಚ್ಚೇ ಸುತ್ತಿ, ಮೇಲೊಂದು ಮಲ್ಲಿಗೆ ದಂಡೆ ಇಟ್ಟರು.

ಚಾವಡಿ ತುಂಬ ಹೆಂಗಸರು ನೆರೆದರು, ಅಳಿಯನ ಕಡೆಯವರೂ ಬಂದರು. ತೊಟ್ಟಿಲಿಗೆ ಹೂವು, ಹಸಿರು ಸೀರೆ. ಅಡಿಯಿಂದ ಮೇಲಕ್ಕೆ, ಮೇಲಿನಿಂದ ಅಡಿಗೆ ಕೈ ಬದಲಾದ ಗಂಟು ಕೊನೆಗೆ ಅಮಿತಾಳ ಮಡಿಲಿಗೆ ಬಂತು. ಗುಲಾಬಿಯಮ್ಮ ಸೀರೆಯ ಸೆರಗು ಸರಿಪಡಿಸಿಕೊಂಡರು, ಸರಿಯಿದ್ದದ್ದನ್ನೇ ಮತ್ತೆ ಸರಿಪಡಿಸಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುವುದು ಸುಮ್ಮನೆ ಅಲ್ಲ.

ಅಮಿತಾ ಗಂಟನ್ನು ಕೈಯಲ್ಲಿ ತೂಗಿ ನೋಡಿದಳು. "ಅಮ್ಮ, ಇದ್ ಗುಂಡಣ್ಣ ಅಲ್ಲ."

"ಅವ್ನೇ. ಇನ್ನ್ ಯಾರ್? ಬೇಗ ಮಲ್ಗ್ಸ್, ಹೊತ್ತ್ ಮೀರ್ತ್."

"ಸಣ್ಣದಿಪ್ಪಾಗ ನಾನ್ ಎಷ್ಟ್ ಎತ್ಕಂಡ್ ಆಡಿದ್ದೆ. ನಂಗ್ ಗೊತ್ತಾತಿಲ್ಯಾ? ಇದ್ ಉದ್ದ ಇತ್ತ್. ಮತ್ ಮೀನ್ ವಾಸ್ನಿ ಬತ್ತ್." ಹೆಂಗಸರು ಕಿಸಕ್ಕೆಂದರು. ಅಮಿತಾ ನಗಲಿಲ್ಲ, ಗಂಟನ್ನು ಪಕ್ಕಕ್ಕಿಟ್ಟಳು. "ಗುಂಡಣ್ಣ ಬರ್ದೆ ನಾನ್ ಮಗು ಹಾಕ್ತಿಲ್ಲ. ಎಲ್ಲಿತ್ತ್ ಅದ್?"

ಗುಲಾಬಿಯಮ್ಮ ತೊಟ್ಟಿಲಿನ ಹೂವು ಸರಿಪಡಿಸತೊಡಗಿದರು. ಮೋಕ್ಷಿತಾ ನೆಲ ನೋಡಿದಳು. ಅಮಿತಾ ಇಬ್ಬರನ್ನೂ ಒಂದೊಂದು ಸಲ ನೋಡಿದಳು. ಅವಳ ಕಣ್ಣಲ್ಲಿ ಹೋದ ವರ್ಷ ಆಸ್ಪತ್ರೆಯಲ್ಲಿ ಯಾರೂ ಏನೂ ಹೇಳದೆ ಇದ್ದಾಗ ಬಂದಿದ್ದ ಹೆದರಿಕೆಯೇ ಬಂತು. ಅದನ್ನು ಕಂಡ ಮೇಲೆ ಗುಲಾಬಿಯಮ್ಮನಿಗೆ ತಡೆದುಕೊಳ್ಳಲಾಗಲಿಲ್ಲ.

"ಅದ್ ಕಲ್ಲಲ್ಲ ಮಗಳೆ, ಮೊಟ್ಟಿ ಅಂಬ್ರ್. ಮರಿ ಒಳಗೇ ಸತ್ತದ್ದ್. ಅದನ್ ನಿನ್ನ್ ಶಿಶುವಿನ್ ಹತ್ರ ಹ್ಯಾಂಗ್ ಮಲ್ಗ್ಸುದ್?" ಎಂದು ಸೆರಗು ಬಾಯಿಗೆ ಒತ್ತಿಕೊಂಡರು.

ಅಮಿತಾ ಅಳುತ್ತಾಳೆಂದು ಎಲ್ಲರೂ ಕಾದರು. ಅವಳು ಮೋಕ್ಷಿತಾಳನ್ನು ಹತ್ತಿರ ಕೂರಿಸಿಕೊಂಡು, ಎಲ್ಲ ಹೇಳು ಎಂದಳು. ಮೋಕ್ಷಿತಾ ಬಾವಿಕಟ್ಟೆಯಲ್ಲಿ ಹೇಳಿದ್ದನ್ನೆಲ್ಲ ಹೇಳಿದಳು: ಬಯಲು, ಹೊಂಡ, ನೆರೆ, ಕೆಸರು, ಸುಣ್ಣದ ನೀರು, ಬೆಂಕಿಯ ಹೊಳೆ. ಮಗುವಿಗೆ ಕಾಡಿಗೆ ಹಚ್ಚಲು ಬಂದ ಹೆಂಗಸರು ಬಾಯಿ ತೆರೆದು ಕೇಳಿದರು.

"ಅಮ್ಮ ಮತ್ತೆ ಬರ್ಲೇ ಇಲ್ಯಾ?" ಎಂದು ಅಮಿತಾ ಕೇಳಿದಳು.

"ಬಂದಾಂಗ್ ಕಾಂತಿಲ್ಲ ಅಕ್ಕ."

"ನಮ್ಮ್ ಮಣ್ಣಾಗೆ ಹುಗ್ದ್ರೂ ಹೀಂಗೆ ಉಳಿತಾ?"

ಅವಳು ಯಾಕೆ ಕೇಳಿದಳೆಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ತಿಳಿಯಿತು. ಕಿಟಕಿಯಿಂದ ಹಿತ್ತಲ ತೆಂಗಿನ ಮರ ಕಾಣುತ್ತಿತ್ತು. ಮೋಕ್ಷಿತಾ ಸುಳ್ಳು ಹೇಳಲು ನೋಡಿದಳು, ಆಗಲಿಲ್ಲ.

"ಇಲ್ಲ ಅಕ್ಕ. ನಮ್ದ್ ಮಳಿ ಊರ್, ಹುಳಿ ಮಣ್ಣ್. ಎಲುಬೂ ಉಳಿತಿಲ್ಲ. ಎಲ್ಲ ಕರಗಿ ಹೋತ್ತ್."

ಅಮಿತಾ ತಲೆಯಾಡಿಸಿದಳು. ಮರದಿಂದ ಕಣ್ಣು ತೆಗೆದು ಮೋಕ್ಷಿತಾಳ ಕಡೆ ತಿರುಗಿದಳು. "ಅದ್ ಗಂಡಾ, ಹೆಣ್ಣಾ?"

"ಮೊಟ್ಟಿ ಕಂಡ್ ಹೇಳೂಕಾತಿಲ್ಲ."

"ಹಾಂಗಾರೆ ನಾವ್ ಗುಂಡಣ್ಣ ಅಂದದ್ದ್ ಸುಮ್ನೆ." ಅಮಿತಾ ತಾಯಿಯ ಕಡೆ ತಿರುಗಿದಳು. "ತಕಂಡ್ ಬಾ ಅಮ್ಮ. ಎಷ್ಟೋ ಕೋಟಿ ವರ್ಷ ಅದನ್ ಯಾರೂ ಎತ್ಲಿಲ್ಲ. ಅದ್ರ್ ಜೊತಿಗ್ ಹುಗ್ದ್ ಮೊಟ್ಟಿಗೆಲ್ಲ ಯಾರ್ ಜೋಗುಳ ಹೇಳಿದ್ರ್? ಇದ್ ಒಂದ್ ನಮ್ಮನಿಗ್ ಬಂದ್ ತೊಟ್ಲ್ ಕಂಡಿತ್. ನಮ್ಮನಿ ಹೆಂಗ್ಸ್ರೇ ತೂಗಿದ್ದ್. ಈಗ ಅಕ್ಕಿ ಡ್ರಮ್ಮಿಗೆ ಹಾಕುದಾ? ನಾಡ್ದಿಗೆ ಮೋಕ್ಷಿ ಮೇಷ್ಟ್ರಿಗೆ ತೋರ್ಸ್ಲಿ. ಇವತ್ತ್ ಅದ್ ಇಲ್ಲೇ ಮಲ್ಗ್ಕ್."

ಅಕ್ಕಿ ಡ್ರಮ್ಮೆಂದು ಅವಳಿಗೆ ಹೇಳಿದವರು ಯಾರೂ ಇಲ್ಲ. ಗುಲಾಬಿಯಮ್ಮ ಏನಾದರೂ ಬಚ್ಚಿಡುವುದಿದ್ದರೆ ಅಲ್ಲೇ ಎನ್ನುವುದು ಮನೆಗೆಲ್ಲ ಗೊತ್ತು.

ಗುಲಾಬಿಯಮ್ಮ ಅಡುಗೆಮನೆಗೆ ಹೋಗಿ ಮೊಣಕೈವರೆಗೆ ಅಕ್ಕಿಯಲ್ಲಿ ಕೈ ಹಾಕಿ ಅದನ್ನು ಎತ್ತಿದರು. ಎಣ್ಣೆಮೈಗೆ ಅಕ್ಕಿಕಾಳು ಅಂಟಿಕೊಂಡಿತ್ತು. ನಿನ್ನೆಯಿಂದ ಹೆದರಿ ಮುಟ್ಟದೆ ಇದ್ದದ್ದನ್ನು ಎದೆಗೆ ಒತ್ತಿಕೊಂಡಾಗ ಅದರ ಭಾರ ಮಗುವಿನ ಭಾರವೇ ಆಗಿತ್ತು. ಯಾವತ್ತೂ ಹಾಗೇ ಇತ್ತು. ತಾನು ಹುಟ್ಟಿದಾಗಿನಿಂದ ಈ ಮನೆಯಲ್ಲಿ ಕಲ್ಲನ್ನು ಮಗುವೆಂದು ನಟಿಸಿ ತೂಗುತ್ತಿದ್ದೇವೆಂದು ಅವರು ತಿಳಿದಿದ್ದರು. ನಟನೆ ಎಲ್ಲಿಂದ ಬಂತು, ತೂಗಿದ್ದು ಮಗುವನ್ನೇ. ಕೆಟ್ಟದ್ದರ ಬಾಯಿಗೆ ಮೊದಲು ಅದನ್ನೇ ಒಡ್ಡಿ, ಅದರ ಹಿಂದೆ ತಮ್ಮ ಮಕ್ಕಳನ್ನೆಲ್ಲ ಉಳಿಸಿಕೊಂಡದ್ದು. ಗುಲಾಬಿಯಮ್ಮ ಅಡುಗೆಮನೆಯಲ್ಲಿ ಒಬ್ಬರೇ ನಿಂತು ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ ಒಂದೊಂದೇ ಅಕ್ಕಿಕಾಳು ಬಿಡಿಸಿ, ಕಾಡಿಗೆ ಬೊಟ್ಟಿಟ್ಟು, ತಮ್ಮದೇ ಮೆದು ಸೀರೆಯೊಂದರಲ್ಲಿ ಸುತ್ತಿ ತಂದರು.

ಅಡಿಯಿಂದ ಒಬ್ಬರು ಕೊಟ್ಟರು, ಮೇಲಿನಿಂದ ಇನ್ನೊಬ್ಬರು ಪಡೆದರು. ಈ ಸಲ ಹೆಂಗಸರ ಕೈಗಳು ತಡವರಿಸಿ, ಬಿದ್ದೀತೆಂಬ ಹೆದರಿಕೆಯಲ್ಲಿ ಮೆಲ್ಲಗೆ ಮೆಲ್ಲಗೆ ಹಿಡಿದವು. ಅಮಿತಾ ಅದನ್ನು ತೊಟ್ಟಿಲಲ್ಲಿ ಮಲಗಿಸಿ, ತಲೆಯ ಕಡೆ ಬಟ್ಟೆ ಸರಿಸಿ, ಬಗ್ಗಿ ಬಾಯಿಟ್ಟಳು. ಪಕ್ಕದಲ್ಲೇ ಪ್ರೇಕ್ಷಾಳನ್ನು ಎತ್ತಿಕೊಂಡು ನಿಂತ ಗುಲಾಬಿಯಮ್ಮನಿಗೆ ಮಾತ್ರ ಕೇಳಿಸಿತು. ಅವಳು ಗುಂಡಣ್ಣ ಎನ್ನಲಿಲ್ಲ.

"ಧನ್ಯಶ್ರೀ," ಎಂದಳು.

ಮತ್ತೊಮ್ಮೆ, ಇನ್ನೂ ಮೆಲ್ಲಗೆ, ಅದೇ ಹೆಸರು. ಆಮೇಲೆ ಹಗ್ಗ ಹಿಡಿದು ತೂಗಿದಳು. ಜೋಗುಳ ಹೇಳುವ ಹೆಂಗಸರಿಗೆ ಏನೂ ಗೊತ್ತಾಗಲಿಲ್ಲ. ಅವರು ಯಾವತ್ತಿನಂತೆ ರಾಗ ಎಳೆದರು. ಅಮಿತಾಳ ಕಣ್ಣಿಂದ ಇಳಿದದ್ದನ್ನು ಬಾಣಂತಿಯ ಸುಸ್ತು ಎಂದುಕೊಂಡರು.

ಈಗ ಅಜ್ಜಿಯ ಸರದಿ. ಗುಲಾಬಿಯಮ್ಮ ಮಗುವನ್ನು ಹಿಡಿದು ತೊಟ್ಟಿಲ ಮುಂದೆ ಬಂದರು. ಹರಸುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಎಷ್ಟೋ ಸಲ ಹೇಳಿದ್ದು. ಇವತ್ತು ಅದು ಬರಲಿಲ್ಲ. ಅವರು ಒಂದು ಕೈಯಿಂದ, ಆರೂವರೆ ಕೋಟಿ ವರ್ಷ ಮಲಗಿದ್ದನ್ನು ಎಚ್ಚರವಾಗದಷ್ಟು ಮೆಲ್ಲಗೆ, ಸ್ವಲ್ಪ ಆಚೆ ಸರಿಸಿದರು.

"ಒಂಚೂರ್ ಜಾಗ ಕೊಡ್ ಧನ್ಯಾ," ಎಂದರು ಎಲ್ಲರಿಗೂ ಕೇಳುವಂತೆ. "ತಂಗಿ ಬಂದ್ಲ್."